ಕೊನೆಯ ಹಾಡಿನ ಸಿಳ್ಳೆ

ಮಧ್ಯಾಹ್ನದೊಳಗೆ ಫೋನ್ ಮಾಡಿ ಒಪ್ಪಿಗೆ ಹೇಳದಿದ್ದರೆ ರೆಕಾರ್ಡು ಒತ್ತುವ ಕಾರ್ಖಾನೆಯವರು ಈ ಬ್ಯಾಂಡಿನವರ ಸರದಿಯನ್ನು ಯಾವುದೋ ಕುಣಿತದ ಹಾಡಿಗೆ ಕೊಟ್ಟುಬಿಡುತ್ತಿದ್ದರು. ಆಮೇಲೆ ಇವರ ಮೊದಲ ರೆಕಾರ್ಡನ್ನು ಕೇಳುವ ನಾಯಿಯೂ ಇರುತ್ತಿರಲಿಲ್ಲ.

ಗಣಿಗಳ ಊರಾದ ಬೋಹುಮ್ಮಿನ ಆ ಅಡುಗೆಮನೆಯಲ್ಲಿ, ಕಾರ್ಖಾನೆ ಕಳಿಸಿದ ಮಾದರಿ ರೆಕಾರ್ಡು ತಿರುಗುತ್ತಿತ್ತು. ಹೈಕೆ ಬಗ್ಗಿ ಕೇಳುತ್ತಿದ್ದಳು. ಬ್ಯಾಂಡಿನಲ್ಲಿ ಅವಳದು ಸುತ್ತಿಗೆ ಕೆಲಸ. ಮುಚ್ಚಿಹೋದ ಗಣಿಯ ಬಾಯ್ಲರ್ ಕೋಣೆಯಲ್ಲಿ ತಗಡು, ಕೊಳವೆ, ಪೀಪಾಯಿ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದಿದ್ದಳು. ಬ್ಯಾಂಡಿಗೆ ಕಿವಿಯೂ ಅವಳೇ. ಅವಳು ಸರಿ ಎಂದರೆ ಸರಿ.

"ಕೊನೇ ಹಾಡಲ್ಲಿ ಬಡಿತ ನಿಂತ್ಮೇಲೆ ಸಣ್ಣಗೆ ಒಂದು ಸಿಳ್ಳೆ ಇದೆ," ಎಂದಳು. "ಅಚ್ಚು ಕೆಟ್ಟಿದೆ. ಬೇಡ ಅಂತ ಹೇಳ್ಬಿಡಿ."

ಗಿಟಾರ್ ನುಡಿಸುವ ಡೆಟ್ಲೆಫ್ ರೇಗಿದ. "ರೆಕಾರ್ಡ್ ತುಂಬಾ ಗರಗಸದಲ್ಲಿ ತಗಡು ಕೊಯ್ದಿದೀವಿ, ಈಗ ಒಂದು ಸಿಳ್ಳೆಗೆ ಹೆದರ್ತೀಯಾ? ನನಗಂತೂ ಕೇಳಿಸ್ತಿಲ್ಲ."

"ನಿನಗೆ ಯಾವತ್ತು ಏನು ಕೇಳಿಸಿದೆ?"

"ಅಕ್ಕ, ನನಗೂ ಇಲ್ಲ ಕಣೇ," ಎಂದ ಅವಳ ತಮ್ಮ ಲುಟ್ಸ್. ಹಾಡುವವನು ಅವನೇ.

ಕಿಟಕಿಯ ಬಳಿ ಅವರ ಅಪ್ಪ ಆಲೂಗಡ್ಡೆ ದೋಸೆಗೆ ಸೇಬಿನ ಗೊಜ್ಜು ಹಚ್ಚಿಕೊಂಡು ತಿನ್ನುತ್ತಿದ್ದ. ಉಕ್ಕಿನ ಕಾರ್ಖಾನೆಯ ದೊಡ್ಡ ಸುತ್ತಿಗೆಯ ಬುಡದಲ್ಲೇ ಆಯಸ್ಸು ಕಳೆದು ಕಿವುಡಾದವನು. ಆ ಬೀದಿಯ ಗಂಡಸರೆಲ್ಲ ಹಾಗೇ, ಗುಟ್ಟನ್ನೂ ಕೂಗಿಯೇ ಹೇಳುವವರು. "ಕಿವಿಗೆ ಹತ್ತಿ ಇಟ್ಕೊ" ಎಂದು ಅವನು ಬೇಡಿಕೊಂಡಾಗಲೆಲ್ಲ, ಮೂಗು ಮುಚ್ಚಿಕೊಂಡು ಹೂ ಮೂಸಲಾ ಎಂದು ಹೈಕೆ ನಕ್ಕಿದ್ದಳು.

ಈ ಸಿಳ್ಳೆ ಅವಳಿಗೆ ಹೊಸದಲ್ಲ. ಬಡಿದು ಬಂದ ದಿನ ಕಿವಿಯಲ್ಲಿ ಹುಟ್ಟುತ್ತಿತ್ತು, ಮಲಗಿ ಎದ್ದರೆ ಹೋಗುತ್ತಿತ್ತು. ಆದರೆ ಸುತ್ತಿಗೆ ಮುಟ್ಟಿ ತಿಂಗಳಾಗಿತ್ತು. ದುಡಿದದ್ದೆಲ್ಲ ಹಾಳಾದರೂ ಸರಿ, ಇದು ರೆಕಾರ್ಡಿನದೇ ಆಗಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿದಳು.

"ಇನ್ನೊಂದ್ಸಲ ಹಾಕಿ. ನಾನು ಗೋಡೆ ಕಡೆ ತಿರುಗಿರ್ತೀನಿ. ಸಿಳ್ಳೆ ಬಂದಾಗ ಕೈ ಎತ್ತುತ್ತೀನಿ, ಆಗ ನೀವೂ ಕೇಳಿ."

ಹಾಡು ಅಬ್ಬರಿಸಿತು. ಕೊನೆಯ ಏಟು ಬಿತ್ತು. ಹೈಕೆ ಕೈ ಎತ್ತಿದಳು.

"ಇದೇ! ಕೇಳಿಸ್ತಾ? ಇನ್ನೂ ಇದೆ... ಇನ್ನೂ ಇದೆ ನೋಡಿ."

ಅವಳು ತಿರುಗಿದಳು. ಕೊನೆಯ ಏಟಿಗೇ ಡೆಟ್ಲೆಫ್ ಮುಳ್ಳನ್ನು ಎತ್ತಿಬಿಟ್ಟಿದ್ದ. ರೆಕಾರ್ಡು ನಿಂತೇಹೋಗಿತ್ತು. ಅವಳ ಸುಳ್ಳು ಹಿಡಿಯಲೆಂದು ಹಾಗೆ ಮಾಡಿದವನಿಗೆ ಈಗ ಅವಳ ಮುಖ ನೋಡಲಾಗಲಿಲ್ಲ.

"ಹೈಕೆ, ನಾನು ಸುಮ್ನೆ..."

ಅವಳು ಅವನನ್ನು ದಾಟಿ ಹೋಗಿ ಫೋನೆತ್ತಿದಳು. ಎರಡು ಸಲ ತಪ್ಪು ನಂಬರು ತಿರುಗಿಸಿ, ಮೂರನೇ ಸಲ ಕಾರ್ಖಾನೆಯನ್ನು ಹಿಡಿದಳು. "ರೆಕಾರ್ಡ್ ಚೆನ್ನಾಗಿದೆ," ಎಂದಳು. "ಏನೂ ದೋಷ ಇಲ್ಲ. ಒತ್ತಿ."

ಅಪ್ಪನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಆದರೆ ಎತ್ತಿದ ಆ ಕೈಯನ್ನು ನೋಡಿದ್ದ, ತಿರುಗಿದ ಮುಖವನ್ನೂ ನೋಡಿದ್ದ.

"ನಿನ್ನ ಕಿವಿಗೂ ಸಿಳ್ಳೆ ಬಂತಾ?" ಎಂದು ಕೂಗಿದ.

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

ಅಪ್ಪ ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದ. "ಇನ್ನು ಅದು ಹೋಗಲ್ಲ ಮಗಳೇ. ಬಾ, ಕೂತ್ಕೊ."