ಹೆಬ್ಬೆರಳು ಆಡಿಸು

ಗ್ಲೌಸಿನ ದಾರದ ಗಂಟು ಉಗುರಿಗೆ ಸಿಗದೆ ಹೋದಾಗ ಕೊರ್ಕೋಯ್ ಬಗ್ಗಿ ಹಲ್ಲು ಹಾಕಿ ಎಳೆದಳು. ಮೇಲೆ ಹೊಸ ಚರ್ಮದ ವಾಸನೆ, ಅದರಡಿಯಲ್ಲಿ ಶವಾಗಾರದ ಔಷಧದ ವಾಸನೆ. ಮತ್ತೆ ಎಳೆದಳು. ಹಿತ್ತಾಳೆ ಮಂಚದ ಮೇಲೆ ಸತ್ತ ಅಪ್ಪನನ್ನು, ಜನ ಕೊನೆಯ ಸಲ ನೋಡಲೆಂದು, ದಿಂಬಿಗೆ ಒರಗಿಸಿ ಕೂರಿಸಿದ್ದರು. ಮುಖಕ್ಕೆ ಪೌಡರು ಮೆತ್ತಿ, ಎರಡೂ ಕೈಗೆ ಕೆಂಪು ಬಾಕ್ಸಿಂಗ್ ಗ್ಲೌಸು ತೊಡಿಸಿ, ಯಾರಿಗೋ ಗುದ್ದಲು ಹೊರಟವನ ಹಾಗೆ ಎದೆಯ ಮುಂದೆ ನಿಲ್ಲಿಸಿದ್ದರು. ಜೀವಮಾನದಲ್ಲಿ ಒಬ್ಬರಿಗೂ ಕೈ ಎತ್ತದ ಮನುಷ್ಯ! ಬುಕೋಮ್ ಓಣಿಯ ಬಾಕ್ಸರುಗಳು ಹೊಡೆಸಿಕೊಂಡು ಬಂದ ಮೇಲೆ ಅವರ ಕತ್ತು, ಸೊಂಟ, ಭುಜ ನೀವಿ ದಾರಿಗೆ ತರುತ್ತಿದ್ದ ಆತಾ ಕ್ವಾಟೆಯ ಕೈಗಳು ಅವು.

"ಬಿಡೇ ಹುಡುಗಿ," ಅಂದಳು ಡೇಡೇ ಅತ್ತೆ, ಬಾಗಿಲಲ್ಲಿ ನಿಂತು. "ಬೋರ್ಕೆಟೇ ಅಷ್ಟು ಮುತುವರ್ಜಿಯಿಂದ ಅಲಂಕಾರ ಮಾಡ್ಸಿದಾನೆ."

"ಇದು ಅಲಂಕಾರಾನಾ ಅತ್ತೆ? ಥೂ! ನಿಮ್ಮ ಅಣ್ಣನ್ನ ಅಂಗಡಿ ಗೊಂಬೆ ಮಾಡಿ ಕೂರ್ಸಿದಾನೆ, ನಿಮಗೆ ಕಣ್ಣಿಲ್ವಾ?"

"ಕಣ್ಣಿದೆ ಕಣೆ. ಪೆಂಡಾಲು ಅವನದು, ಬ್ಯಾಂಡು ಅವನದು, ಪೆಟ್ಟಿಗೆ ಅವನದು. ಏನಂತ ಬಾಯಿ ಬಿಡ್ಲಿ?"

ಎರಡನೇ ಗ್ಲೌಸೂ ಕಳಚಿತು. ಒಳಗಿಂದ ಅಪ್ಪನ ಹೆಬ್ಬೆರಳು ಹೊರಬಂತು. ವರ್ಷಗಟ್ಟಲೆ ಬೆನ್ನುಗಳನ್ನು ಒತ್ತಿ ಒತ್ತಿ ಚಪ್ಪಟೆಯಾದ ಹೆಬ್ಬೆರಳು. ಕೊರ್ಕೋಯ್ ಅದನ್ನು ಸೆರಗಿನಲ್ಲಿ ಒರೆಸಿ, ಎರಡೂ ಕೈಗಳನ್ನು ಅವನ ತೊಡೆಯ ಮೇಲೆ ಇಟ್ಟಳು.

ಹೊರಗೆ ಅಂಗಳದ ತುಂಬ ಸಾವಿನ ಮನೆಗೆ ಉಡುವ ಕೆಂಪು ಕಪ್ಪು ಬಟ್ಟೆಯ ಜನ. ಧ್ವನಿವರ್ಧಕದ ಅಬ್ಬರಕ್ಕೆ ಪ್ಲಾಸ್ಟಿಕ್ ಕುರ್ಚಿಗಳೇ ನಡುಗುತ್ತಿದ್ದವು. ಗೇಟಿನ ಪಕ್ಕ ಆಳೆತ್ತರದ ಪ್ಲೈವುಡ್ ಹಲಗೆ. ಅದರ ಮೇಲೆ ಅಪ್ಪನ ನಗುಮುಖ, ಕೆಳಗೆ ದಪ್ಪ ಅಕ್ಷರ: 'ಕ್ವಾಟೆ ಎಣ್ಣೆ. ಮೂರೇ ದಿನದಲ್ಲಿ ಮತ್ತೆ ರಿಂಗಿಗೆ!' ಬಂದವರ ಕೈಗೆಲ್ಲ ಒಂದೊಂದು ಬಾಟಲಿ. ಮುಚ್ಚಳ ತೆಗೆದರೆ ಸೀಮೆಎಣ್ಣೆಗೆ ಪೆಪ್ಪರಮಿಂಟು ಕಲಸಿದ ಹಾಗೆ ನಾತ. ಅಪ್ಪ ಕೈಗೆ ಹಚ್ಚಿಕೊಳ್ಳುತ್ತಿದ್ದುದು ಬೆಚ್ಚಗೆ ಮಾಡಿದ ಶಿಯಾ ಬೀಜದ ಬೆಣ್ಣೆ ಒಂದನ್ನೇ. ಅದೂ ಔಷಧ ಅಲ್ಲ, ಕೈ ಜಾರಲಿ ಅಂತ ಅಷ್ಟೇ ಎಂದು ಎಲ್ಲರಿಗೂ ಬೈದು ಹೇಳುತ್ತಿದ್ದ.

ಬೋರ್ಕೆಟೇ ಬಂದದ್ದು ಅವನ ಅತ್ತರಿನಿಂದಲೇ ಗೊತ್ತಾಯಿತು. ಬುಕೋಮ್‌ನಲ್ಲಿ ಬಾಕ್ಸಿಂಗ್ ಪಂದ್ಯಗಳನ್ನೆಲ್ಲ ಏರ್ಪಡಿಸುವವನೂ ಈಗ ಈ ಎಣ್ಣೆ ಮಾರುವವನೂ ಅವನೇ. ಕಪ್ಪು ಬಟ್ಟೆಯ ಕೆಳಗೆ ಬೆಳ್ಳನೆಯ ಬೂಟು.

"ಗ್ಲೌಸು ಎಲ್ಲಮ್ಮ?"

"ಕಸದ ಬುಟ್ಟೀಲಿ."

ಅವನು ನಕ್ಕ. "ಸಿಟ್ಟು ನಿಮ್ಮಪ್ಪಂದೇ. ಇರ್ಲಿ. ಪೆಟ್ಟಿಗೆ ಎತ್ತೋ ಹೊತ್ತಾಯ್ತು. ಮುಂದಿನ ಎಡಗಡೆ ಹೆಗಲು ಓಡಾರ್ಟೇದು. ಅವನನ್ನ ಎಬ್ಬಿಸು."

ಅಪ್ಪ ನೋಡಿಕೊಳ್ಳುತ್ತಿದ್ದ ಕೊನೆಯ ಬಾಕ್ಸರು ಹುಡುಗ ಓಡಾರ್ಟೇ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿದ್ದ.

"ಅವನು ಏಳೋ ಹಾಗಿಲ್ಲ. ಕಾಲಿನ ಜೋಮು ಇನ್ನೂ ಹಿಮ್ಮಡಿ ಬಿಟ್ಟಿಲ್ಲ."

"ಟೀವಿಯವರು ಬಂದಿದಾರೆ. ಪಂದ್ಯಕ್ಕೆ ದುಡ್ಡು ಹಾಕೋ ಹೊರದೇಶದ ಪಾರ್ಟಿ ನೋಡ್ತಿದೆ. ಆತಾ ವಾಸಿ ಮಾಡಿದ ಹುಡುಗ ಆತಾನ್ನೇ ಹೊತ್ಕೊಂಡು ಹೋದ ಅಂದ್ರೆ ನಿಮ್ಮಪ್ಪನಿಗೂ ಹೆಸರು, ಹುಡುಗನಿಗೂ ಪಂದ್ಯ."

"ವಾಸಿ ಆಗಿಲ್ಲ ಅಂತಿದೀನಲ್ಲ! ಭಾರ ಬಿದ್ರೆ ಕಾಲೇ ಹೋಗುತ್ತೆ."

"ನೀನೇನು ಡಾಕ್ಟ್ರಾ?" ಎಂದವನೇ ಹಿಂದಿನ ಕೋಣೆಗೆ ನಡೆದ.

*

ಈ ಮಾತನ್ನು ಅವನು ಇದೇ ಮನೆಯಲ್ಲಿ ಹಿಂದೊಮ್ಮೆ ಆಡಿದ್ದ.

ಆಗ ಆ ಹಲಗೆಯ ಮೇಲಿದ್ದವನು ಆಯಿಕೈ ಎಂಬ ಬಾಕ್ಸರು. ಸೊಂಟದ ಎರಡೂ ಬದಿಗೆ ಮರಳಿನ ಚೀಲ, ಮೊಣಕಾಲ ಕೆಳಗೆ ದಿಂಬು. ಬೆಳಗಾಗುತ್ತಲೇ ಆತಾ ಕ್ವಾಟೆ ಬಂದು ಅವನ ಪಾದ ಹಿಡಿಯುತ್ತಿದ್ದ. "ಹೆಬ್ಬೆರಳು ಆಡಿಸು." ಆಡಿದರೆ ಒಂದು ಹೂಂಕಾರ, ಬಿಸಿ ಬಟ್ಟೆಯ ಶಾಖ, ನಿಧಾನಕ್ಕೆ ಕಾಲು ಎತ್ತಿ ಇಳಿಸುವ ಕೆಲಸ. ಆಡದಿದ್ದರೆ ಒಂದು ಕ್ಷಣವೂ ಇಟ್ಟುಕೊಳ್ಳುತ್ತಿರಲಿಲ್ಲ, ಟ್ಯಾಕ್ಸಿ ಕರೆದು ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದ. ಅವನ ವಿದ್ಯೆಯೆಲ್ಲ ಮಲಗಿಸುವುದರಲ್ಲಿತ್ತು. ಗುದ್ದುವ ಹುಡುಗರನ್ನು ಸುಮ್ಮನೆ ಮಲಗಿಸುವುದೇನು ಹುಡುಗಾಟವೇ? ಮೆಕ್ಕೆಜೋಳದ ಕೆಂಕೆ ಉಂಡೆಯನ್ನೂ ಹುರಿದ ಮೀನನ್ನೂ ತಾನೇ ಮುರಿದು ಬಾಯಿಗಿಡುತ್ತಿದ್ದ, ಎದ್ದರೆ ಕೆಟ್ಟ ಕೆಟ್ಟದಾಗಿ ಬೈಯುತ್ತಿದ್ದ.

ಬೋರ್ಕೆಟೇ ಬಂದು, ಪಂದ್ಯದ ದಿನ ಗೊತ್ತಾಗಿದೆ, ಹುಡುಗನನ್ನು ಎಬ್ಬಿಸು ಅಂದ. ಆತಾ ಆಗುವುದಿಲ್ಲ ಅಂದ. ನೀನೇನು ಡಾಕ್ಟರಾ ಅಂದ ಬೋರ್ಕೆಟೇ. ಅವನ ಇಬ್ಬರು ಆಳುಗಳು ಆಯಿಕೈಯನ್ನು ಕಂಕುಳಿಗೆ ಕೈಹಾಕಿ ಎತ್ತಿದರು.

ಪಂದ್ಯದ ರಾತ್ರಿಯಿಂದ ಆಯಿಕೈಯ ಹೆಬ್ಬೆರಳು ಆಡಲಿಲ್ಲ. ಈಗ ಅವನು ಗಾಲಿಕುರ್ಚಿಯಲ್ಲಿ ಕೂತು ನಾಲ್ಕುರಸ್ತೆಯಲ್ಲಿ ಲಾಟರಿ ಚೀಟಿ ಮಾರುತ್ತಾನೆ. ಬೋರ್ಕೆಟೇ ಹಾದುಹೋಗುವಾಗ ಅವನಿಗೆ ಕೈ ಬೀಸುತ್ತಾನೆ. ಅದನ್ನು ನೋಡಿದಾಗಲೆಲ್ಲ ಕೊರ್ಕೋಯ್‌ಗೆ ಉಗಿಯಬೇಕು ಅನ್ನಿಸುತ್ತಿತ್ತು.

*

ಓಡಾರ್ಟೇ ಗೋಡೆ ಹಿಡಿದು ನಿಂತಿದ್ದ. ಹಣೆ, ಕತ್ತು ಎಲ್ಲ ಬೆವರು.

"ಮಲಕ್ಕೊಳ್ಳೋ," ಅಂದಳು ಕೊರ್ಕೋಯ್.

"ಅಕ್ಕ, ಆತಾ ನನ್ನ ಮಗು ಥರ ಎತ್ತಿ ಕೂರಿಸ್ತಿದ್ರು. ಒಂದ್ಸಲ ನಾನು ಅವರನ್ನ ಹೊರಬಾರದಾ?"

"ಅವರಿಗೆ ಮರ್ಯಾದೆ ಕೊಡ್ಬೇಕು ಅಂದ್ರೆ ಮಲಕ್ಕೋ. ಅವರು ಯಾರ ಹತ್ರಾನೂ ಬೇರೆ ಏನೂ ಕೇಳ್ಲಿಲ್ಲ."

"ಈ ಪಂದ್ಯ ಕೈ ಬಿಟ್ರೆ ಇನ್ನೊಂದು ಸಿಗಲ್ಲ ಅಂತಿದಾರೆ ಅಕ್ಕ."

"ಕಾಲು ಹೋದ್ರೆ ಸಿಗುತ್ತಾ?"

ಬೋರ್ಕೆಟೇ ಓಡಾರ್ಟೇಯ ತೋಳು ಹಿಡಿದು, ಮದುವೆ ಗಂಡನ್ನು ಕರೆದೊಯ್ಯುವವನ ಹಾಗೆ ನಗುನಗುತ್ತ ಕ್ಯಾಮೆರಾದ ಮುಂದೆ ಕರೆದೊಯ್ದ. ಬಲಗಾಲು ನೆಲ ಉಜ್ಜುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಯಾರಿಗೂ ಕಾಲು ಕಾಣಲಿಲ್ಲ.

ಶವಪೆಟ್ಟಿಗೆಯೂ ಬಾಕ್ಸಿಂಗ್ ಗ್ಲೌಸಿನದೇ ಆಕಾರ. ಕಡುಕೆಂಪು ಬಣ್ಣ, ಆಳುದ್ದದ ಮುಷ್ಟಿ, ಪಕ್ಕಕ್ಕೆ ಚಾಚಿದ ಮರದ ಹೆಬ್ಬೆರಳು. ಮೀನು ಹಿಡಿಯುವವನಿಗೆ ಮೀನಿನಾಕಾರದ ಪೆಟ್ಟಿಗೆ, ಡ್ರೈವರಿಗೆ ಬಸ್ಸಿನ ಪೆಟ್ಟಿಗೆ ಮಾಡಿಸುವ ಊರು ಅದು. ಅಪ್ಪನ ಕೆಲಸ ಗುದ್ದುವುದು ಅಂತ ಊರಿಗೆ ಊರೇ ತಿಳಿದುಕೊಂಡಿತಲ್ಲ ಎಂದು ಅವಳಿಗೆ ಅಸಹ್ಯವಾಯಿತು.

ಅಪ್ಪನನ್ನು ಅದರೊಳಗೆ ಮಲಗಿಸಿ ಮುಚ್ಚಿ, ಆರು ಜನ ಎತ್ತಿದರು. ಮುಂದಿನ ಬಲ ಹೆಗಲು ಲಾಂಟೇಯದು, ಆಯಿಕೈಯ ಅಣ್ಣ. ಬ್ಯಾಂಡು ಹೊಡೆಯಿತು. ಒಂದು ಹೆಜ್ಜೆ ಇಡುವಷ್ಟರಲ್ಲಿ ಎಡಮೂಲೆ ಕುಸಿಯಿತು. ಓಡಾರ್ಟೇಯ ಮುಖ ಬೂದಿಯಾಗಿತ್ತು. ಲಾಂಟೇ ಅವನ ಕಡೆ ನೋಡಿದ, ಕಾಲಿನ ಕಡೆ ನೋಡಿದ, ಆಮೇಲೆ ನೆಟ್ಟಗೆ ನಿಂತುಬಿಟ್ಟ.

"ಆತಾ ಬರಲ್ಲ ಅಂತಿದಾರೆ!" ಎಂದು ಕೂಗಿದ.

ಬ್ಯಾಂಡು ಥಟ್ಟನೆ ನಿಂತಿತು. ಸತ್ತವನಿಗೆ ಮನಸ್ಸಿನಲ್ಲಿ ಸಿಟ್ಟು ಉಳಿದಿದ್ದರೆ ಪೆಟ್ಟಿಗೆ ಮುಂದೆ ಹೋಗುವುದಿಲ್ಲ, ಹೊತ್ತವರನ್ನೇ ಎಳೆದಾಡುತ್ತದೆ ಅನ್ನುವುದು ಬುಕೋಮ್‌ನ ಕೂಸಿಗೂ ಗೊತ್ತು. ಡೇಡೇ ಅತ್ತೆ ಸತ್ತವರಿಗೆ ಎರೆಯುವ ಜಿನ್ ಮದ್ಯದ ಬಾಟಲಿ ಹಿಡಿದು ಓಡಿಬಂದು ನೆಲಕ್ಕೆ ಸುರಿದಳು.

"ಯಾರ ಮೇಲೆ ಸಿಟ್ಟು ಅಣ್ಣ? ಬಾಯಿ ಬಿಟ್ಟು ಹೇಳು!"

ಪೆಟ್ಟಿಗೆ ಎಡಕ್ಕೆ ವಾಲಿತು. "ಈ ಹುಡುಗನ ಹೆಗಲು ಬೇಡ್ವಂತೆ," ಅಂದ ಲಾಂಟೇ. "ಬಿಡೋ ಕೈ!"

"ಬಿಡೋ, ಬಿಡೋ!" ಎಂದಿತು ಜನ. ಬೇರೊಬ್ಬ ಹೆಗಲು ಕೊಟ್ಟ. ಕೊರ್ಕೋಯ್ ನುಗ್ಗಿ ಓಡಾರ್ಟೇಯನ್ನು ಎದೆಗೊರಗಿಸಿಕೊಂಡು ಹಿಂದಕ್ಕೆ ಎಳೆದಳು. ಅವನು ಅಳುತ್ತಿದ್ದ. ಕೋಣೆಗೆ ಕರೆದೊಯ್ದು ಹಲಗೆಯ ಮೇಲೆ ಮಲಗಿಸಿ ಪಾದ ಹಿಡಿದಳು. ಹೆಬ್ಬೆರಳು ಆಡಿತು, ಅಲ್ಪಸ್ವಲ್ಪ. ಅವಳಿಗೆ ಉಸಿರು ಬಂದದ್ದು ಆಗಲೇ.

ಹೊರಗೆ ಗದ್ದಲ. ಓಡಿಬಂದು ನೋಡಿದರೆ ಪೆಟ್ಟಿಗೆ ಇನ್ನೂ ಹೋಗಿರಲಿಲ್ಲ. ಈಗ ಬೋರ್ಕೆಟೇಯ ಕಡೆ ತಿರುಗಿತ್ತು.

"ಸಾಕು ಕಣ್ರೋ ನಾಟಕ," ಅಂದ ಅವನು, ಕ್ಯಾಮೆರಾದ ಕಡೆ ಹಲ್ಲು ಕಿರಿದು. ಪೆಟ್ಟಿಗೆ ಅವನತ್ತ ಬಂತು. ಅವನು ಹಿಂದೆ ಸರಿದ. ಮತ್ತೆ ಬಂತು. "ಲಾಂಟೇ! ಲೇ, ನಿಲ್ಸೋ!"

"ನನ್ನ ಕೈಲಿಲ್ಲ ಅಣ್ಣ. ಆತಾ ಎಳೀತಿದಾರೆ." ಲಾಂಟೇಯ ಮುಖದಲ್ಲಿ ನಗುವಿರಲಿಲ್ಲ.

ಮರದ ಹೆಬ್ಬೆರಳು ಬೋರ್ಕೆಟೇಯ ಎದೆಗೆ ಒತ್ತಿತು. ಬಿಳಿ ಬೂಟು ಇನ್ನೊಂದು ಹೆಜ್ಜೆ ಹಿಂದೆ ಹೋಯಿತು. ಅಲ್ಲಿ ನೆಲವಿರಲಿಲ್ಲ, ತೆರೆದ ಚರಂಡಿ ಇತ್ತು. ಅಂಗಾತ ಬಿದ್ದ. ಕಲ್ಲಿನ ಅಂಚಿಗೆ ಸೊಂಟ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

ಯಾರೋ ಒಬ್ಬ ನಕ್ಕ. ಆಮೇಲೆ ಹತ್ತಾರು ಜನ ನಕ್ಕರು.

"ಸೊಂಟ! ಅಯ್ಯೋ, ನನ್ನ ಸೊಂಟ!"

ಅವನ ಆಳುಗಳಿಬ್ಬರು ಓಡಿಹೋಗಿ ಕಂಕುಳಿಗೆ ಕೈಹಾಕಿದರು.

"ಎತ್ತಬೇಡ್ರೋ!"

ಕೂಗಿದ್ದು ತಾನೇ ಎಂದು ಕೊರ್ಕೋಯ್‌ಗೆ ಆಮೇಲೆ ತಿಳಿಯಿತು. ತನ್ನ ಬಾಯಿಯ ಮೇಲೆಯೇ ಅವಳಿಗೆ ಸಿಟ್ಟು ಬಂತು. ಸುಮ್ಮನಿದ್ದರೆ ಸಾಕಿತ್ತು.

"ಬಿಡಮ್ಮ, ಎತ್ಲಿ," ಅಂದ ಲಾಂಟೇ, ಪೆಟ್ಟಿಗೆಯ ಕೆಳಗಿನಿಂದ. "ನನ್ನ ತಮ್ಮನ್ನೂ ಹೀಗೇ ಎತ್ಸಿದ್ದ."

ಯಾರೂ ನಗಲಿಲ್ಲ. ಆಳುಗಳು ಕೈ ಹಾಕಿಕೊಂಡೇ ಅವಳ ಮುಖ ನೋಡುತ್ತಿದ್ದರು. ಅವಳು ಪೆಟ್ಟಿಗೆಯ ಕಡೆ ನೋಡಿದಳು. ಎತ್ತಲಿ, ಹಾಳಾಗಿ ಹೋಗಲಿ ಅನ್ನಬೇಕೆಂದು ನಾಲಿಗೆ ತುದಿಯವರೆಗೂ ಬಂದಿತ್ತು.

"ಕೈ ತೆಗೀರಿ," ಅಂದಳು.

ಬಟ್ಟೆ ಎತ್ತಿ ಕಟ್ಟಿ ಚರಂಡಿಗೆ ಇಳಿದಳು. ಕೊಳೆತ ಮೀನಿನ ನೀರು, ಅದರ ಮೇಲೆ ಅತ್ತರು. ಬಿಳಿ ಬೂಟು ಕಳಚಿದಳು, ಒದ್ದೆ ಕಾಲುಚೀಲ ಸುಲಿದಳು. ಮೃದುವಾದ, ಉಗುರಿಗೆ ಬಣ್ಣವಿಲ್ಲದ ಪಾಲಿಷು ಹಚ್ಚಿದ ಪಾದ. ಅದನ್ನು ಹಿಡಿದಳು.

"ಹೆಬ್ಬೆರಳು ಆಡಿಸು."

"ನೋವು ಕಣಮ್ಮ..."

"ಆಡಿಸು!"

ಆಡಿತು. ಇನ್ನೊಂದು ಕಾಲಿನದೂ ಆಡಿತು. ಇಷ್ಟಾದರೂ ಅವಳಿಗೆ ಸಂತೋಷವೇನೂ ಆಗಲಿಲ್ಲ.

"ಬಗ್ಗಿಸದೆ ಸಾಗಿಸ್ಬೇಕು. ಮಟ್ಟಸವಾದ ಹಲಗೆ ತನ್ನಿ."

"ಒಳಗಿರೋದು ಒಂದೇ," ಅಂದಳು ಡೇಡೇ ಅತ್ತೆ. "ಅದರ ಮೇಲೆ ಹುಡುಗ ಇದಾನೆ."

ಕೊರ್ಕೋಯ್ ಸುತ್ತ ನೋಡಿದಳು. "ಅದನ್ನ ಕಿತ್ತು ತನ್ನಿ," ಎಂದು ಗೇಟಿನ ಕಡೆ ಗದ್ದ ಎತ್ತಿದಳು.

ಮೊಳೆ ಕಿತ್ತು ಪ್ಲೈವುಡ್ ತಂದರು. ಅವಳು ಹೇಳಿದಂತೆ ಅವನನ್ನು ಮರದ ದಿಮ್ಮಿಯ ಹಾಗೆ ಒಟ್ಟಿಗೇ ಹೊರಳಿಸಿ ಅದರ ಮೇಲೆ ಇಟ್ಟರು. ಅಪ್ಪನ ನಗುಮುಖ ಅವನ ಬೆನ್ನಡಿಗೆ ಹೋಯಿತು. ಅತ್ತ ಲಾಂಟೇ ಹೆಗಲು ಕೊಡವಿ, "ಈಗ ಹಗುರ ಆಯ್ತು," ಅಂದ. ಬ್ಯಾಂಡು ಮತ್ತೆ ಶುರುವಾಯಿತು. ಕೆಂಪು ಮುಷ್ಟಿ ಜನರ ತಲೆಗಳ ಮೇಲೆ ಓಲಾಡುತ್ತ ಸ್ಮಶಾನದ ದಾರಿ ಹಿಡಿಯಿತು.

ಬೋರ್ಕೆಟೇ ಅವಳ ಸೆರಗು ಹಿಡಿದುಕೊಂಡ. "ಕೊರ್ಕೋಯ್, ಎಷ್ಟು ದಿನ ಆಗ್ಬೋದಮ್ಮ?"

ಅವಳು ಸೆರಗು ಬಿಡಿಸಿಕೊಂಡು ಕೈ ಒರೆಸಿಕೊಂಡಳು. ನಾತ ಹೋಗಲಿಲ್ಲ. ನಾಲ್ವರು ಹಲಗೆ ಎತ್ತಿದರು. ಅವನ ಬರಿಗಾಲುಗಳ ನಡುವೆ, ಚರಂಡಿ ನೀರು ತೊಟ್ಟಿಕ್ಕುತ್ತ, 'ಮೂರೇ ದಿನದಲ್ಲಿ' ಎಂಬಷ್ಟು ಅಕ್ಷರಗಳು ಮಾತ್ರ ಕಾಣುತ್ತಿದ್ದವು.