ತಪ್ಪು ಮೇಷ್ಟ್ರ ಮೊಳಕೆಕಾಳು

ಅಚ್ಚುಕೂಟದಲ್ಲಿ ಕರಡು ತಿದ್ದುವ ಹಿರಿಯರಿಗೆ ಎದುರಿಗೆ ಮೇಷ್ಟ್ರು ಎಂದೂ ಬೆನ್ನ ಹಿಂದೆ ತಪ್ಪು ಮೇಷ್ಟ್ರು ಎಂದೂ ಹೆಸರು. ಬೇರೆಯವರ ತಪ್ಪು ಹಿಡಿಯುವುದೇ ಹೊಟ್ಟೆಪಾಡಾದ ಮನುಷ್ಯ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ ಕೂಡಲೇ ಸುಮ್ಮನಾಗುತ್ತಾನೆಯೇ? ಬಾಗಿಲು ಕಿರುಗುಟ್ಟಿದರೆ ಹೇಳಬೇಕು, ಪಕ್ಕದವನ ಅಂಗಿಯ ಗುಂಡಿ ಬಿಟ್ಟಿದ್ದರೆ ಹೇಳಬೇಕು. ಎಲ್ಲರಿಗಿಂತ ಹೆಚ್ಚು ಹೇಳಿಸಿಕೊಳ್ಳುತ್ತಿದ್ದವಳು ಅಡುಗೆಯಕ್ಕ. ಹಿಂಬದಿಯ ಸಣ್ಣ ಅಡುಗೆಮನೆಯಲ್ಲಿ ಹನ್ನೊಂದು ಜನಕ್ಕೆ ಮಧ್ಯಾಹ್ನದ ಊಟ ಬೇಯಿಸಿ ಬಡಿಸುತ್ತಿದ್ದ ಆಕೆಗೆ ಉಪ್ಪು ಹೆಚ್ಚಾಯಿತು, ಬೇಳೆ ಅವಸರಕ್ಕೆ ಬೆಂದಿದೆ, ತಟ್ಟೆಯ ಅಂಚಿನಲ್ಲಿ ನೀರಿದೆ ಎಂದು ದಿನಕ್ಕೊಂದು ತಿದ್ದುಪಡಿ. ಆಕೆ "ಆಯ್ತು ಮೇಷ್ಟ್ರೇ" ಎಂದು ಇನ್ನೊಂದು ಸೌಟು ಬಡಿಸಿ ಮುಂದೆ ಹೋಗುತ್ತಿದ್ದಳು.

ಇಂಥ ಮೇಷ್ಟ್ರಿಗೆ ಎರಡು ವರ್ಷದಿಂದ ಮೊಳಕೆಕಾಳಿನ ಹುಚ್ಚು. ಸಕ್ಕರೆ ಕಾಯಿಲೆ ಬರುವ ಹಾಗಿದೆ ಎಂದು ಡಾಕ್ಟರು ಹೆದರಿಸಿದ್ದೇ ನೆವ. ಕನ್ನಡಕ ಹಾಕಿಕೊಂಡು ಹೆಸರುಕಾಳಿನಲ್ಲಿ ಕಲ್ಲುಕಾಳು ಆರಿಸುವುದು, ರಾತ್ರಿ ನೆನೆಹಾಕುವುದು, ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟುವುದು, ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಬೆಳಿಗ್ಗೆ ಸಂಜೆ ತಣ್ಣೀರಿನಲ್ಲಿ ತೊಳೆಯುವುದು. ಹೆಂಡತಿ ಆ ಗಂಟನ್ನು ಮುಟ್ಟುವಂತಿರಲಿಲ್ಲ. "ನಮ್ಮ ಮಕ್ಕಳು ಹುಟ್ಟಿದಾಗ ಇವರು ಇಷ್ಟು ಸಲ ಎದ್ದು ನೋಡಿರ್ಲಿಲ್ಲ" ಎಂದು ಆಕೆ ನಗುತ್ತಿದ್ದಳು. ಪ್ರತಿ ಸೋಮವಾರ ಒಂದು ಡಬ್ಬಿ ಅಚ್ಚುಕೂಟದ ಊಟದ ಮೇಜಿಗೆ ಬರುತ್ತಿತ್ತು. ಜೊತೆಗೆ ಒಂದು ಉಪದೇಶವೂ ಬರುತ್ತಿತ್ತು.

ಒಂದು ಶನಿವಾರ ದೊಡ್ಡ ಪುಸ್ತಕವೊಂದರ ಕೆಲಸ ಮುಗಿಯಿತು. ಯಜಮಾನರು ಖುಷಿಯಲ್ಲಿದ್ದರು. "ಸೋಮವಾರ ಎಲ್ಲರಿಗೂ ಹೊಟ್ಟೆತುಂಬ ನನ್ನ ಕಾಳು" ಎಂದು ಮೇಷ್ಟ್ರು ಎಲ್ಲರೆದುರು ಹೇಳಿಬಿಟ್ಟರು. ಬೆಳಿಗ್ಗೆಯಷ್ಟೇ ಎರಡು ಪಾವು ಕಾಳು ಗಂಟು ಕಟ್ಟಿ ಬಂದಿದ್ದರು. ಮನೆಗೆ ಹೋದರೆ ತಂಗಿಯ ಫೋನು, ಬನ್ನಿ ಎಂದು. ಒಂದು ರಾತ್ರಿ, ಒಂದು ಹಗಲು ಮನೆಗೆ ಬೀಗ. ಗಂಟು ಒಣಗಬಾರದೆಂದು ಮೇಷ್ಟ್ರು ಅದನ್ನು ಒದ್ದೆಯಾಗಿಯೇ ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದರು. ಊರಿಗೆಲ್ಲ ಗಾಳಿಯಾಡಬೇಕು, ತೊಳೆಯಬೇಕು ಎಂದು ಹೇಳಿಕೊಟ್ಟ ಮನುಷ್ಯ!

ಭಾನುವಾರ ರಾತ್ರಿ ತಡವಾಗಿ ಬಂದವರು ಡಬ್ಬಿ ತೆರೆದದ್ದು ಸೋಮವಾರ ಬೆಳಿಗ್ಗೆ. ಮೊಳಕೆಯೇನೋ ಬೆರಳುದ್ದ ಬಂದಿತ್ತು. ಆದರೆ ಕಾಳು ಲೋಳೆಲೋಳೆಯಾಗಿತ್ತು, ಹುಳಿ ನಾರುತ್ತಿತ್ತು.

"ರೀ, ಚೆಲ್ರೀ ಅದನ್ನ," ಎಂದಳು ಹೆಂಡತಿ.

"ಹಸಿ ಕಾಳು ಅಂದ್ಮೇಲೆ ಸ್ವಲ್ಪ ವಾಸನೆ ಇದ್ದೇ ಇರುತ್ತೆ. ನಿಂಗೇನ್ ಗೊತ್ತು?"

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಸಲ ತೊಳೆದರು, ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿ ತೆಗೆದರು, ಕಪ್ಪಾದದ್ದನ್ನು ಆರಿಸಿದರು, ಎರಡು ನಿಂಬೆಹಣ್ಣು ಹಿಂಡಿ ಮೇಲೆ ಕೊತ್ತಂಬರಿ ಉದುರಿಸಿದರು. ಬರಿಗೈಯಲ್ಲಿ ಹೋಗಿ "ಈ ಸಲ ಕೆಟ್ಟುಹೋಯ್ತು" ಎನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ. ಮಧ್ಯಾಹ್ನ ಅಡುಗೆಯಕ್ಕ ಡಬ್ಬಿ ತೆರೆದು ಎಲ್ಲರಿಗೂ ಬಡಿಸಿದಳು. ಮೇಷ್ಟ್ರು ಮಾತ್ರ ಹಲ್ಲುನೋವು ಎಂದು ತಮ್ಮ ತಟ್ಟೆಗೆ ಕೈ ಅಡ್ಡ ಹಿಡಿದರು.

ರಾತ್ರಿಯೊಳಗೆ ಆರು ಜನಕ್ಕೆ ವಾಂತಿಭೇದಿ. ಪುಟ ಕಟ್ಟುವ ಹುಡುಗಿ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದಳು.

ಬುಧವಾರ ಯಜಮಾನರು ಮೇಷ್ಟ್ರನ್ನು ಒಳಗೆ ಕರೆದರು. "ನಿಮ್ಮ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ. ನಿಜ ಹೇಳಿ, ಆಯಮ್ಮ ಅಡುಗೆಮನೆ ಚೊಕ್ಕಟವಾಗಿ ಇಟ್ಕೊತಾಳಾ?"

ಯಾರೂ ಕಾಳಿನ ಸುದ್ದಿ ಎತ್ತಿರಲಿಲ್ಲ. ಮೇಷ್ಟ್ರ ಕಾಳಿನಲ್ಲಿ ತಪ್ಪಿರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರ ಬಾಯಿ ತಾನಾಗಿ ತೆರೆಯಿತು. "ಸೌಟು ನೆಲಕ್ಕೆ ಬಿದ್ದಿದ್ದನ್ನ ಒಂದ್ಸಲ ನೋಡಿದ್ದೆ."

ಸುಳ್ಳಲ್ಲ. ಹಿಂದಿನ ತಿಂಗಳು ಸೌಟು ಬಿದ್ದಿತ್ತು. ಆಕೆ ಅದನ್ನು ಬಿಸಿನೀರಿನಲ್ಲಿ ತೊಳೆದು ತಂದದ್ದನ್ನೂ ಮೇಷ್ಟ್ರು ನೋಡಿದ್ದರು. ಆ ಅರ್ಧವನ್ನು ನುಂಗಿಕೊಂಡರು. ಒಂದು ಅಕ್ಷರ ಬಿಟ್ಟುಹೋದರೆ ಪುಟವನ್ನೇ ತಿರುಗಿ ಅಚ್ಚು ಹಾಕಿಸುತ್ತಿದ್ದ ಮಹಾನುಭಾವರು. ಅಂದು ಸಂಜೆಯೇ ಯಜಮಾನರು ಅಡುಗೆಯಕ್ಕನನ್ನು ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಮನೆಯಲ್ಲಿ ಹೆಂಡತಿ ಕೇಳಿದಳು. "ಕಾಳಿನ ವಿಷಯ ಹೇಳಿದ್ರಾ?"

"ಯಾರೂ ಕೇಳ್ಲಿಲ್ಲ."

ಆಕೆ ಅಂದು ನಗಲಿಲ್ಲ. ಮೇಷ್ಟ್ರಿಗೆ ಗುರುವಾರ ನಾಚಿಕೆಯಾಯಿತು, ಶುಕ್ರವಾರ ಇನ್ನೂ ಹೆಚ್ಚು ನಾಚಿಕೆಯಾಯಿತು. ಅಡುಗೆಯಕ್ಕನ ಕೈಯೂಟ ತಿಂದರೆ ಆಸ್ಪತ್ರೆಯೇ ಗತಿ ಎಂದು ಬೀದಿಯಲ್ಲೆಲ್ಲ ಮಾತಾಗಿದೆ, ಎರಡು ಕಡೆ ಕೆಲಸ ಕೇಳಿದರೂ ಬೇಡವೆಂದರಂತೆ ಎಂದು ಯಂತ್ರ ನಡೆಸುವವನು ಹೇಳಿದಾಗ ಮೇಷ್ಟ್ರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಭಾನುವಾರ ಅವರು ಆಕೆಯ ಮನೆ ಹುಡುಕಿಕೊಂಡು ಹೋದರು. ಮೂರನೆಯ ಮಹಡಿಯಲ್ಲಿ ಒಂದೇ ಕೋಣೆ. ಆಕೆ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಗಡಬಡಿಸಿ ಎದ್ದು ಇದ್ದೊಂದು ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಮೇಷ್ಟ್ರು ಕೂರಲಿಲ್ಲ.

"ನೋಡಮ್ಮ, ಅವತ್ತು ಆ ಕಾಳು..."

"ಗೊತ್ತು ಮೇಷ್ಟ್ರೇ," ಎಂದಳು ಅಡುಗೆಯಕ್ಕ. "ಡಬ್ಬಿ ತೆಗೆದಾಗ್ಲೇ ಮೂಗಿಗೆ ಬಡೀತು."

"ಮತ್ತೆ ಯಾಕೆ ಬಡಿಸ್ದೆ?"

ಕೇಳಿದ ಮೇಲೆ ಕೇಳಬಾರದಿತ್ತು ಎಂದು ಅವರಿಗೇ ಅನ್ನಿಸಿತು.

"ಹಿಂದೆ ಒಂದ್ಸಲ, ಕಾಳು ಯಾಕೋ ಜಿಗುಟು ಅಂದಿದ್ದೆ. 'ಸೌಟು ಹಿಡಿಯೋದು ಬಿಟ್ಟು ನಿಂಗೇನಮ್ಮ ಗೊತ್ತು' ಅಂದ್ರಿ. ಎಲ್ಲಾರೂ ನಕ್ಕರು." ಆಕೆ ಮತ್ತೆ ನೆಲದ ಮೇಲೆ ಕೂತು ಒಂದು ಕಾಯಿ ಮುರಿದಳು. "ಮೇಷ್ಟ್ರು ಮಾಡಿದ್ದು, ಸರಿಯಾಗೇ ಇರುತ್ತೆ, ನನ್ ಮೂಗೇ ಸರಿಯಿಲ್ಲ ಅಂದ್ಕೊಂಡೆ. ತಪ್ಪು ನಂದೂ ಇದೆ. ಆ ಹುಡುಗೀನ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ."

ಮೇಷ್ಟ್ರು ಸೌಟಿನ ಮಾತನ್ನೂ ಹೇಳಿದರು. ಅದು ಆಕೆಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಹುರುಳಿಕಾಯಿಯನ್ನು ಕೆಳಗಿಟ್ಟಳು. ಆಮೇಲೆ ಆಕೆ, "ಸರಿ, ಹೊರಡಿ ಮೇಷ್ಟ್ರೇ, ಬಿಸಿಲೇರುತ್ತೆ," ಎಂದಳು.

ಸೋಮವಾರ ಊಟದ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ ಮೇಷ್ಟ್ರು ಎದ್ದು ನಿಂತರು. ಮುಚ್ಚಿಟ್ಟ ಡಬ್ಬಿ, ನಿಂಬೆಹಣ್ಣು, ಹಲ್ಲುನೋವು, ಸೌಟು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಉಗಿಯುತ್ತಾರೆ ಎಂದು ಕಾದರು. ಕೆಲಸ ಹೋಗುತ್ತದೆ ಎಂದೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದರು.

ಯಜಮಾನರು ಗಹಗಹಿಸಿ ನಕ್ಕರು. "ಅಯ್ಯೋ ಮೇಷ್ಟ್ರೇ! ನೀವೂ ಒಂದು ತಪ್ಪು ಮಾಡಿದ್ರಲ್ಲ, ಅಂತೂ!"

ಎಲ್ಲರೂ ನಕ್ಕರು. ಆಸ್ಪತ್ರೆಯಿಂದ ಬಂದಿದ್ದ ಹುಡುಗಿಯೂ, "ಹೋಗ್ಲಿ ಬಿಡಿ ಸರ್, ದೊಡ್ಡೋರು, ಬೇಕೂಂತ ಮಾಡಿಲ್ವಲ್ಲ," ಎಂದಳು. ಯಾರೋ ಅವರ ಕೈಹಿಡಿದು ಕೂರಿಸಿ ನೀರು ಕೊಟ್ಟರು.

"ಆಯಮ್ಮಂಗೆ ನೀವೇ ಒಂದು ಫೋನ್ ಮಾಡಿ, ನಾಳೆಯಿಂದ ಬರ್ಲಿ," ಎಂದರು ಯಜಮಾನರು. ಅಷ್ಟರಲ್ಲಿ ಮಾತು ಕಾಗದದ ಬೆಲೆಯ ಕಡೆ ತಿರುಗಿತ್ತು.

ಮೇಷ್ಟ್ರು ಅಡುಗೆಮನೆಗೆ ಹೋಗಿ, ತಣ್ಣಗಿದ್ದ ಒಲೆಯ ಪಕ್ಕ ನಿಂತು ಫೋನು ಮಾಡಿದರು. ನಾಳೆಯಿಂದ ಬರಬೇಕಂತೆ ಎಂದರು. ಆಯ್ತು ಬರ್ತೀನಿ ಎಂದಳು ಆಕೆ.

"ತುಂಬಾ ಬೈದ್ರಾ ಮೇಷ್ಟ್ರೇ?" ದನಿಯಲ್ಲಿ ನಿಜವಾದ ಕನಿಕರವಿತ್ತು.

"ಇಲ್ಲಮ್ಮ."

"ಏನೂ ಅನ್ಲಿಲ್ವಾ?"

"ಏನೂ ಅನ್ಲಿಲ್ಲ. ನಕ್ಕರು."

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು. ಆಕೆ ಅದನ್ನು ನಿಲ್ಲಿಸಿದಳು.

"ಅವತ್ತು ನಾನು ಹೊರಟಾಗ ನನ್ನ ಚೀಲ ಬಿಚ್ಚಿಸಿ ನೋಡಿದ್ರು ಮೇಷ್ಟ್ರೇ," ಎಂದಳು. "ಅಕ್ಕಿ ಗಿಕ್ಕಿ ಏನಾದ್ರೂ ತಗೊಂಡ್ ಹೋಗ್ತಿದೀನಾ ಅಂತ."

"ನಂಗೆ ಗೊತ್ತಿರ್ಲಿಲ್ಲಮ್ಮ."

"ಅಲ್ಲೇ ಕೂತಿದ್ರಿ," ಎಂದಳು ಅಡುಗೆಯಕ್ಕ.