ಮೂಸಬ್ಬನ ಹೆಸರಿನ ಹೃದಯ

ಅಡುಗೆಮನೆಯ ಹಿಂಬಾಗಿಲಿನ ಮೇಲೆ ಮೂರು ಬಡಿತಗಳಾದವು.

"ಮೂಸಬ್ಬ ಎಲ್ಲಿದ್ದಾರೆ? ಅವರು ಒಂದು ಮೆಟ್ಟಿಲೂ ಹತ್ತಬಾರದು!" ಬಂದವಳು ಏದುಸಿರು ಬಿಡುತ್ತಿದ್ದಳು.

ನಫೀಸಮ್ಮ ಅವಳನ್ನೇ ನೋಡಿದರು. "ನೀನು ಯಾರು ಮಗಳೇ? ನನ್ನ ಗಂಡ ನಿನ್ನೆ ಸಂಜೆ ತೀರಿಹೋದರು. ಅಂಗಳದಲ್ಲಿ ಅವರ ಮಯ್ಯತ್ತು ಇಟ್ಟಿದ್ದಾರೆ."

"ನಾನು ರಶೀನಾ. ಆಸ್ಪತ್ರೆಯಲ್ಲಿ ಹೃದಯದ ಎಕೋ ತೆಗೆಯುವವಳು. ನಿನ್ನೆ ಸಂಜೆ ಅವರು ಟ್ರೆಡ್‌ಮಿಲ್‌ನಲ್ಲಿ ಎಂಟು ನಿಮಿಷ ನಡೆದರಲ್ಲ..."

"ಎಂತ ಹೇಳ್ತೀ? ಸಕ್ಕರೆ ಕಾಯಿಲೆಗೆ ಅವರ ಬಲಗಾಲು ತೆಗೆದು ಆರು ವರ್ಷ ಆಯಿತು."

*

ನಿನ್ನೆ ಸಂಜೆ ಎಕೋ ಕೋಣೆ ಕತ್ತಲಾಗಿತ್ತು. ಟ್ರೆಡ್‌ಮಿಲ್‌ನಿಂದ ಇಳಿದವನು ಮಾಸ್ಕ್ ತೆಗೆಯದೆ, ಗೋಡೆಗೆ ಮುಖಮಾಡಿ ಎಡಮಗ್ಗುಲಲ್ಲಿ ಮಲಗಿದ. ಹೃದಯದ ವೇಗ ಇಳಿಯುವ ಮೊದಲೇ, ಒಂದು ನಿಮಿಷದೊಳಗೆ ಚಿತ್ರ ಸೆರೆಹಿಡಿಯಬೇಕು.

"ಮೂಸಬ್ಬ, ಉಸಿರು ಹಿಡಿಯಿರಿ."

ಹೇಳಿದಾಗಲೆಲ್ಲ ಅವನ ಪಕ್ಕೆ ಸ್ತಬ್ಧವಾಗುತ್ತಿತ್ತು. ನಡೆಯುವ ಮೊದಲಿನ ಚಿತ್ರದಲ್ಲಿ ಹೃದಯದ ಗೋಡೆಗಳೆಲ್ಲ ಸಮನಾಗಿ ಕುಗ್ಗಿದ್ದವು. ಈಗ ಮುಂಭಾಗದ ಗೋಡೆ ಅಲುಗಲಿಲ್ಲ. ದಣಿದರೆ ಅಲ್ಲಿಗೆ ರಕ್ತ ತಲುಪುತ್ತಿರಲಿಲ್ಲ.

ಡಾಕ್ಟರರು ಕೂಡಲೇ ದಾಖಲಾಗಲು ಹೇಳಿದರು. ಫೋನ್ ಬಂತೆಂದು ಹೊರಗೆ ಹೋದವನು ಮರಳಲಿಲ್ಲ.

*

"ನಿನ್ನೆ ಬಂದವನು ಮೂಸಬ್ಬರ ಆರೋಗ್ಯ ಕಾರ್ಡು ತೋರಿಸಿದ್ದ. ಅದು ಯಾರ ಹತ್ತಿರ ಉಂಟು?"

"ಯಾರಿಗೆ ಗೊತ್ತು? ಕೊಡೆ, ಏಣಿ, ಸ್ಕೂಟರ್, ಕೇಳಿದವರಿಗೆಲ್ಲ ಕೊಟ್ಟರು. 'ಕಾಲನ್ನು ಮಾತ್ರ ಆಸ್ಪತ್ರೆಯವರು ಕೇಳದೇ ಕೊಂಡುಹೋದರು' ಅಂತ ನಗಾಡ್ತಿದ್ದರು." ನಫೀಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ರಶೀನಾ ಅಂಗಳದತ್ತ ತಿರುಗಿದಳು. ಸತ್ತವನ ಹೆಸರಿನ ಹೃದಯ ಇಲ್ಲೇ ಎಲ್ಲೋ ಬಡಿಯುತ್ತಿತ್ತು.

ಅಂಗಳದಲ್ಲಿ ಮೂಸಬ್ಬನ ಮಗ ನವಾಝ್, ತಮ್ಮ ಅಬ್ದುಲ್ ರಹಿಮಾನ್, ನೆರೆಮನೆಯ ಮೊಯಿದಿನಬ್ಬ, ಗೆಳೆಯ ಭೋಜ ಶವಮಂಚದ ನಾಲ್ಕು ಮೂಲೆಗಳಲ್ಲಿ ನಿಂತಿದ್ದರು. ಶವ ಹೊತ್ತು ನರಿಕೊಂಬಿನ ಮಸೀದಿಗೆ ಗುಡ್ಡದ ಎಪ್ಪತ್ತು ಮೆಟ್ಟಿಲು ಹತ್ತಬೇಕಿತ್ತು. ನವಾಝ್ ಎದೆ ಉಜ್ಜಿಕೊಂಡ. ಮೊಯಿದಿನಬ್ಬ ಕೆಮ್ಮಿದರು.

"ನಿಮ್ಮಿಂದ ಆಗ್ತದಾ ಭೋಜಣ್ಣ?" ಅಬ್ದುಲ್ ರಹಿಮಾನ್ ಕೇಳಿದ.

"ಹೋಗು ಮಾರಾಯ, ನಿನ್ನನ್ನೂ ಸೇರಿಸಿ ಹೊರ್ತೇನೆ."

ನಾಲ್ವರೂ ಬಗ್ಗಿದರು.

ರಶೀನಾ ಮುಂಬಾಗಿಲಿನ ಹೊಸ್ತಿಲಿಗೆ ಓಡಿದಳು. ಕತ್ತಲ ಕೋಣೆಯ ಅದೇ ಸ್ವರದಲ್ಲಿ ಕೂಗಿದಳು:

"ಮೂಸಬ್ಬ, ಉಸಿರು ಹಿಡಿಯಿರಿ!"

ಪ್ರಾರ್ಥನೆಯ ಗುನುಗು ನಿಂತಿತು. ನೆರೆದವರ ಕಣ್ಣುಗಳೆಲ್ಲ, ಅದು ಅಲುಗಿತೇನೋ ಎಂಬಂತೆ, ಬಿಳಿಬಟ್ಟೆಯ ಮೇಲೆ ನೆಟ್ಟವು. ಮಂಚ ಹಿಡಿದವರಲ್ಲಿ ಒಬ್ಬನ ಎದೆ ಮಾತ್ರ, ಒಳಗೆಳೆದ ಗಾಳಿಯೊಂದಿಗೆ, ಹಾಗೇ ನಿಂತುಬಿಟ್ಟಿತ್ತು.

ಅಬ್ದುಲ್ ರಹಿಮಾನ್.